ಹನ್ನೊಂದು ವರ್ಷ ಬಿಟ್ಟುಕೊಟ್ಟ ಕಂಡಕ್ಟರು

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ತಗ್ಗು. ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಚರ್ಮದ ಬ್ಯಾಗು ನೇತುಹಾಕಿಕೊಂಡು ಓಡಾಡಿದ್ದರ ಗುರುತು ಅದು. ನಿವೃತ್ತರಾದ ಮೇಲೂ ಕೂತು ಮಾತಾಡುವ ಅಭ್ಯಾಸ ಅವರಿಗೆ ಬರಲಿಲ್ಲ. ಬೆಂಚಿನ ಅಂಚಿಗೆ ಸೊಂಟ ಆನಿಸಿ, ಇನ್ನೇನು ಬ್ರೇಕ್ ಬೀಳುತ್ತದೆ ಎನ್ನುವ ಹಾಗೆ ಕಾಲು ಅಗಲಿಸಿ ನಿಂತಿರುತ್ತಿದ್ದರು. ಕುಡಿತ ಬಿಡುವವರ ನಮ್ಮ ಗುಂಪಿನಲ್ಲಿ ಯಾರೂ ಹೆಸರು ಕೆದಕುತ್ತಿರಲಿಲ್ಲ. ಎಲ್ಲರಿಗೂ ಅವರು ಕಂಡಕ್ಟರು, ಅಷ್ಟೇ.

ನಾನು ಆ ಗುಂಪಿಗೆ ಸೇರಿದ್ದು ಬುದ್ಧಿ ಬಂದು ಅಲ್ಲ, ಸುಸ್ತಾಗಿ. ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ. ಯಶವಂತಪುರದ ಪ್ರೆಸ್ಸಿನಲ್ಲಿ ಕೆಲಸ, ಯಲಹಂಕದಲ್ಲಿ ಬಾಡಿಗೆ ಮನೆ, ಎರಡರ ನಡುವೆ ಕುಡಿತ. ಹೆಂಡತಿ ಮಗಳನ್ನು ಕರೆದುಕೊಂಡು ಗೊರಗುಂಟೆಪಾಳ್ಯದ ತವರಿಗೆ ಹೋಗಿದ್ದಳು. ಒಂದು ವರ್ಷ ಮುಟ್ಟದೆ ಇದ್ದು ತೋರಿಸಿದರೆ ಮಾತ್ರ ಬರುತ್ತೇನೆ ಎಂದಿದ್ದಳು. ನನ್ನ ಲಿವರು ನೋಡಿ ತಲೆ ಆಡಿಸಿದ ಡಾಕ್ಟರು ಚೀಟಿಯ ಹಿಂದೆ ಬ್ಯಾಟರಾಯನಪುರದ ಒಂದು ಶಾಲೆಯ ವಿಳಾಸ ಬರೆದುಕೊಟ್ಟರು. ಭಾನುವಾರ ಸಂಜೆ ಹೋದೆ. ಗೇಟಿನ ಮುಂದೆ ಮೂರು ಸಲ ಹಾದುಹೋದೆ. ನಾಲ್ಕನೇ ಸಲಕ್ಕೆ ಕಂಡಕ್ಟರೇ ಹೊರಗೆ ಬಂದು, “ಒಳಗ್ ಬನ್ನಿ ಸಾರ್, ಸೀಟ್ ಖಾಲಿ ಇದೆ” ಅಂದರು.

ಒಳಗೆ ಒಂದನೇ ಕ್ಲಾಸಿನ ಮಕ್ಕಳ ಬೆಂಚುಗಳು. ಹದಿನೈದು ಇಪ್ಪತ್ತು ಗಂಡಸರು ಅವುಗಳ ಮೇಲೆ ಮುದುಡಿ ಕೂತು, ಬಿಟ್ಟು ಎಷ್ಟು ದಿನವಾಯಿತೆಂದು ಒಬ್ಬೊಬ್ಬರಾಗಿ ಹೇಳುತ್ತಿದ್ದರು. ಹೊಸಬರಿಗೆ ಬಾಗಿಲ ಪಕ್ಕದ ಬೆಂಚು. ಎಲ್ಲರಿಗಿಂತ ಮೊದಲು ಬಿಟ್ಟವರು ಎಲ್ಲರಿಗಿಂತ ಕೊನೆಗೆ ಮಾತಾಡಬೇಕು. ಕಂಡಕ್ಟರು ಬಿಟ್ಟು ಆಗ ಹತ್ತು ವರ್ಷವಾಗಿತ್ತು. ಕೊನೆಯ ಮಾತು ಅವರದೇ.

ಅವರು ನನಗೆ ಉಪದೇಶ ಮಾಡಲಿಲ್ಲ. ಪ್ರೆಸ್ಸಿನಿಂದ ಮನೆಗೆ ಹೇಗೆ ಹೋಗುತ್ತೀರಿ ಎಂದು ಮಾತ್ರ ವಿಚಾರಿಸಿದರು. ಹೆಬ್ಬಾಳದಲ್ಲಿ ಇಳಿದು ಬಸ್ಸು ಬದಲಿಸುತ್ತೇನೆ ಎಂದೆ. ಯಾವ ಸ್ಟಾಪಿನ ಪಕ್ಕ ಯಾವ ಬಾರು ಎನ್ನುವುದು ಅವರಿಗೆ ಬಾಯಿಪಾಠ. ಅರ್ಧ ಗಂಟೆ ಕಾದರೂ ಸರಿ, ನೇರ ಯಲಹಂಕದ ಬಸ್ಸನ್ನೇ ಹತ್ತಬೇಕೆಂದು ತಾಕೀತು ಮಾಡಿದರು. “ಇಳಿದ್ರೆ ತಾನೇ ಸಾರ್ ಕುಡಿಯೋದು?” ದಿನಾ ಸಂಜೆ ಫೋನು ಮಾಡಿ ಏನು ಸಾರು, ಊಟ ಆಯಿತೇ ಎಂದು ಕೇಳುತ್ತಿದ್ದರು. ಹಸಿದ ಹೊಟ್ಟೆಗೆ ಬುದ್ಧಿ ಇರುವುದಿಲ್ಲ ಎನ್ನುವುದು ಅವರ ಮಾತು.

ಏಳನೇ ತಿಂಗಳಲ್ಲಿ ಒಂದು ಸಂಜೆ ಕಾಯಲು ಬೇಸರವಾಗಿ ಸಿಕ್ಕಿದ ಬಸ್ಸು ಹತ್ತಿ ಹೆಬ್ಬಾಳದಲ್ಲಿ ಇಳಿದೆ. ಅವರ ಫೋನು ಬಂದಾಗ ನನ್ನ ಮುಂದೆ ಗ್ಲಾಸಿತ್ತು. ಬಸ್ಸಾರು ಮಾಡಿದ್ದೇನೆ, ಊಟ ಆಯಿತು ಎಂದೆ. ಮುಂದಿನ ಭಾನುವಾರ ಗುಂಪಿನಲ್ಲೂ ಹಳೇ ಲೆಕ್ಕವನ್ನೇ ಹೇಳಿದೆ. ಒಂದೇ ಸಂಜೆ ತಾನೇ, ಆಮೇಲೆ ಮುಟ್ಟಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ವರ್ಷ ತುಂಬಿದವರಿಗೆ ಹುಟ್ಟುಹಬ್ಬ ಮಾಡುವುದು ನಮ್ಮಲ್ಲಿ ಪದ್ಧತಿ. ಮನೆಯವರೂ ಬರುತ್ತಾರೆ. ನನ್ನ ಸರದಿಯ ದಿನ ಹೆಂಡತಿ ಮಗಳ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ತೊಡೆಯ ಮೇಲೆ ಕೇಸರಿಬಾತಿನ ಡಬ್ಬಿ. ಅವತ್ತು ಕಂಡಕ್ಟರು ತಮ್ಮ ಜಾಗದಲ್ಲಿ ನಿಲ್ಲಲಿಲ್ಲ. ಹೋಗಿ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರು. ಎಲ್ಲರಿಗಿಂತ ಮೊದಲು ಮಾತಾಡಿದರು.

“ನಂದು ಇವತ್ತಿಗೆ ಒಂಬತ್ತು ದಿನ.”

ಅಜೀರ್ಣಕ್ಕೆಂದು ಯಾರೋ ಅರಿಷ್ಟ ಹೇಳಿದ್ದರಂತೆ. ಹುಳಿಸಿ ಮಾಡುವ ಔಷಧಿ, ಅದರಲ್ಲಿ ತುಸು ಅಮಲು ಇರುತ್ತದೆ. ಅದು ಕುಡಿತ ಹೇಗಾಗುತ್ತದೆ, ಹನ್ನೊಂದು ವರ್ಷವನ್ನು ಯಾರಾದರೂ ಹೀಗೆ ಅಳಿಸುತ್ತಾರೆಯೇ ಎಂದು ಎಲ್ಲರೂ ವಾದಕ್ಕೆ ನಿಂತರು. ಅವರು ದನಿ ಏರಿಸಲಿಲ್ಲ.

“ಮೊದಲ್ನೇ ಬಾಟ್ಲಿ ಔಷಧಿ. ಎರಡನೇದು ಯಾಕ್ ತಂದೆ ಅಂತ ನಂಗೊತ್ತು. ಹೆಂಡ್ತಿಗೆ ಕಾಣದ ಹಾಗೆ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ಔಷಧೀನ ಯಾರಾದ್ರೂ ಬಚ್ಚಿಡ್ತಾರಾ?”

ನನಗೆ ಮೊದಲು ಬಂದದ್ದು ಕೋಪ. ಈ ಮನುಷ್ಯನಿಗೆ ಇವತ್ತೇ ಆಗಬೇಕಿತ್ತೇ ಎಂದು ಹಲ್ಲು ಕಚ್ಚಿದೆ. ಆಮೇಲೆ ನನ್ನ ಸರದಿ ಬಂತು. ಎದ್ದು ನಿಂತೆ. ಒಂದು ವರ್ಷ ಎನ್ನಲು ಬಾಯಿ ಬರಲಿಲ್ಲ. ಐದು ತಿಂಗಳು ಎಂದೆ.

ಹೆಂಡತಿ ಮಗಳ ಕೈ ಹಿಡಿದು ಎದ್ದಳು. ಕಂಡಕ್ಟರು ತಡೆಯಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ. ಅವರಿಬ್ಬರ ಜೊತೆ ಸ್ಟಾಪಿನವರೆಗೆ ನಡೆದು, ಬಸ್ಸು ಹತ್ತಿಸಿ ಬಂದರು.

“ಸೀಟ್ ಸಿಕ್ತು ಅವ್ರಿಗೆ. ವಾಪಸ್ ಬರ್ತಾರೋ ಇಲ್ವೋ, ನಂಗೊತ್ತಿಲ್ಲ ಸಾರ್. ಬಂದ್ರೂ ಸುಳ್ಳು ನಂಬ್ಕೊಂಡು ಬರೋದು ಬೇಡ.”

ಅವಳು ಬಂದದ್ದು ಹತ್ತು ತಿಂಗಳ ಮೇಲೆ. ಆ ಹತ್ತು ತಿಂಗಳು ಬಲು ಉದ್ದ. ಎಷ್ಟೋ ಸಂಜೆ ಎಲ್ಲ ಸಾಕಾಗಿ, ಕಂಡಕ್ಟರ ಫೋನೆತ್ತಿ ಸುಮ್ಮನಿರುತ್ತಿದ್ದೆ. ಕೊನೆಗೆ ಅವರೇ, ಲೆಕ್ಕದಲ್ಲಿ ನೀವೀಗ ನನಗೆ ಐದು ತಿಂಗಳು ಸೀನಿಯರ್, ನೀವೇ ಏನಾದರೂ ಹೇಳಿ ಎಂದು ಕಾಲೆಳೆಯುತ್ತಿದ್ದರು. ನನ್ನ ಸಂಸಾರ ಉಳಿದದ್ದು ಅವರಿಂದ. ಅದನ್ನು ಅವರೆದುರು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ, ದಡ್ಡ ನಾನು.

ಆ ಭಾನುವಾರ ಕಳೆದು ನಾಲ್ಕನೇ ವರ್ಷದಲ್ಲಿ ಕಂಡಕ್ಟರು ಹೃದಯಾಘಾತದಲ್ಲಿ ಹೋಗಿಬಿಟ್ಟರು. ತಿಥಿಯ ದಿನ ಊಟಕ್ಕೆ ಕೂತಿದ್ದಾಗ ಅವರ ಬಾಮೈದ ಸಾಲಿನ ನಡುವೆ ನಿಂತು, ನಮ್ಮ ಭಾವ ಹದಿನೈದು ವರ್ಷ ಒಂದು ಹನಿ ಮುಟ್ಟಿದವರಲ್ಲ ಎಂದು ಹೊಗಳಿದರು. ಸಾವಿನ ಮನೆ, ಸುಮ್ಮನಿರಬಹುದಿತ್ತು. ಆಗಲಿಲ್ಲ. ಹದಿನೈದಲ್ಲ, ಮೂರು ವರ್ಷ ಎಂಟು ತಿಂಗಳು ಎಂದೆ. ಬಾಮೈದರ ಮುಖ ಬಿಗಿಯಿತು. ಪಕ್ಕದ ಎಲೆಯವರು ನನ್ನನ್ನೇ ಕುಡಿದು ಬಂದವನ ಹಾಗೆ ನೋಡಿದರು.

ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

“ಅವ್ರು ಹೇಳಿದ್ದೇ ಸರಿ ಕಣೋ,” ಎಂದು ತಮ್ಮನಿಗೆ ಹೇಳಿದರು. “ದಿನಾ ಬೆಳಿಗ್ಗೆ ಕ್ಯಾಲೆಂಡರ್ ಮೇಲೆ ಗೀಟು ಹಾಕೋರು. ಕೊನೇ ದಿನದ್ದು ನಾನೇ ಹಾಕ್ದೆ.”