ಬಾಗಿಲಲ್ಲಿ ನಿಂತ ಮಾಳವ್ವ

ಬನಹಟ್ಟಿಯ ನೇಕಾರರ ಓಣಿಯಲ್ಲಿ ಹುಟ್ಟಿದವರಿಗೆ ಪಿಸುಮಾತು ಒಲಿಯುವುದಿಲ್ಲ. ನಮ್ಮ ಪಡಸಾಲೆಯಲ್ಲೇ ಎರಡು ಪವರ್‌ಲೂಮ್ ಮಗ್ಗಗಳಿದ್ದವು. ಕರೆಂಟು ಇದ್ದಷ್ಟು ಹೊತ್ತೂ ಅವು ಖಟಖಟ ಎನ್ನುತ್ತಿದ್ದುದರಿಂದ, ಊಟಕ್ಕೆ ಕೂತವರು ಒಂದು ಚೂರು ಉಪ್ಪು ಕೇಳಬೇಕಾದರೂ ಊರಿಗೆ ಡಂಗುರ ಸಾರಿದಂತೆ ಕೇಳಬೇಕಾಗಿತ್ತು. ಕರೆಂಟು ಹೋದೊಡನೆ ಮನೆಯೊಳಗೆ ಮೌನವೆಂಬುದು ನೆಂಟರಂತೆ ಬಂದು ಕೂರುತ್ತಿತ್ತು. ಆಗ ನಾವೆಲ್ಲ ನಮ್ಮ ನಮ್ಮ ದನಿಗೆ ನಾವೇ ನಾಚಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಈ ದೊಡ್ಡ ಗಂಟಲಿನಿಂದ ಮದುವೆಮನೆಗಳಲ್ಲಿ ನಾನು ಪಟ್ಟ ಮುಜುಗರ ಒಂದೆರಡಲ್ಲ. ಆದರೆ ಅನ್ನ ಕೊಟ್ಟದ್ದೂ ಅದೇ ಗಂಟಲು. ಬೀಳಗಿ ತಾಲ್ಲೂಕಿನಲ್ಲಿ, ಕೃಷ್ಣೆಯ ಹಿನ್ನೀರಿನ ದಂಡೆಯ ಮೇಲಿರುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಶಿಕ್ಷಕಿ. ಕಡೆಯ ಬೆಂಚಿನ ಹುಡುಗ ನಿದ್ದೆ ಮಾಡಿದರೂ ನನ್ನ ಪಾಠ ಅವನ ಕನಸಿನೊಳಕ್ಕೇ ಹೋಗುತ್ತದೆ ಎಂದು ನಮ್ಮ ಹೆಡ್‌ಮಾಸ್ತರರು ನಗುತ್ತಿದ್ದರು.

ಆ ಶಾಲೆಯಲ್ಲಿ ಹದಿಮೂರು ವರ್ಷ ಇಂಗ್ಲಿಷ್ ಕಲಿಸಿದ ಮೇಲೆ ಒಂದು ದಿನ ನನಗೆ ವಿಚಿತ್ರವಾದ ಸಂಗತಿಯೊಂದು ಹೊಳೆಯಿತು. ಕನ್ನಡ ಬಾರದ, ಇಂಗ್ಲಿಷಿನಲ್ಲಿ ಆಡದೆ ಬೇರೆ ದಾರಿಯೇ ಇಲ್ಲದ ಒಬ್ಬ ಮನುಷ್ಯನೊಡನೆ ನಾನು ಬದುಕಿನಲ್ಲಿ ಒಂದೇ ಒಂದು ಸಲವೂ ಮಾತಾಡಿರಲಿಲ್ಲ. ದಂಡೆಯ ಮೇಲೆ ನಿಂತು ಈಜು ಕಲಿಸುತ್ತ ಕಲಿಸುತ್ತ, ತಾನು ಮಾತ್ರ ಕಾಲು ತೋಯಿಸಿಕೊಳ್ಳದವಳ ಸ್ಥಿತಿ ನನ್ನದು. ಅದೇ ವರ್ಷ ಶಿಕ್ಷಕರ ವಿನಿಮಯ ಕಾರ್ಯಕ್ರಮವೊಂದರ ಸುತ್ತೋಲೆ ಶಾಲೆಗೆ ಬಂತು. ಆಯ್ಕೆಯಾದವರು ನಾಲ್ಕು ತಿಂಗಳು ಮಂಗೋಲಿಯಾದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಬೇಕು. ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ದೇಶಕ್ಕೆಲ್ಲ ಸೇರಿ ಬೆರಳೆಣಿಕೆಯ ಜಾಗಗಳು. ಇಂಥವುಗಳನ್ನು ಓದಿ, ಸಹಿ ಹಾಕಿ, ಫೈಲಿಗೆ ಸೇರಿಸುವುದು ನಮ್ಮ ರೂಢಿ. ನಾನು ಓದಿದೆ, ಸಹಿ ಹಾಕಿದೆ, ಆಮೇಲೆ ಯಾರಿಗೂ ಕಾಣದಂತೆ ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡೆ. ಮನಸ್ಸಿಗೆ ವಯಸ್ಸಾಗುವುದಿಲ್ಲ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ನನಗೆ ತಿಳಿದದ್ದು ಆವತ್ತು.

ಅರ್ಜಿಯ ಜೊತೆ ಒಂದು ಪಾಠದ ವಿಡಿಯೊ ಕಳಿಸಬೇಕಿತ್ತು. ಇಪ್ಪತ್ತು ನಿಮಿಷ, ನಡುವೆ ಕತ್ತರಿ ಆಡಿಸುವಂತಿಲ್ಲ. ಒಂಬತ್ತನೇ ತರಗತಿಯ ಮಕ್ಕಳಿಗೆ ಹಿಂದಿನ ದಿನವೇ ಹೇಳಿದ್ದೆ. ಮರುದಿನ ಅವರು ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ತಮ್ಮದೇ ಮದುವೆಯೆಂಬಂತೆ ಬಂದು ಕೂತಿದ್ದರು. ಡಿಕ್ಷನರಿಗಳನ್ನು ಒಂದರ ಮೇಲೊಂದು ಪೇರಿಸಿ, ಅದಕ್ಕೆ ಮೊಬೈಲನ್ನು ಒರಗಿಸಿ, ಪಾಠ ಶುರು ಮಾಡಿದೆ. ಮಕ್ಕಳು ಮಳೆ ಹನಿದ ಹಾಗೆ ಪಟಪಟ ಉತ್ತರ ಹೇಳುತ್ತಿದ್ದರು. ನನಗೇ ನನ್ನ ಪಾಠ ಚೆಂದವೆನಿಸತೊಡಗಿತ್ತು.

ಆಗ ಬಾಗಿಲಲ್ಲಿ ಮಾಳವ್ವ ಬಂದು ನಿಂತಳು.

ಅವಳನ್ನು ನಿಮಗೆ ಹೇಗೆ ಪರಿಚಯಿಸಲಿ? ಬೀರೇಶ್ವರನ ಒಕ್ಕಲು, ಕುರಿ ಕಾಯುವ ಮನೆತನದ ಹುಡುಗಿ. ಹಿಂಡು ಮೇವು ಹುಡುಕಿಕೊಂಡು ಊರೂರು ತಿರುಗುವಾಗ ಅವಳೂ ಹೋಗಬೇಕು. ಹೀಗಾಗಿ ವರ್ಷದಲ್ಲಿ ಅರ್ಧ ಅವಳ ಹಾಜರಿಯ ಸಾಲು ಖಾಲಿ. ಎರಡು ತಿಂಗಳಿನಿಂದ ಕಾಣದಿದ್ದವಳು ಆವತ್ತೇ ಬಂದಿದ್ದಳು. ಲಂಗದ ಅಂಚಿಗೆ ಮುಳ್ಳು ಅಂಟಿತ್ತು, ಕಾಲು ಮೊಳಕಾಲವರೆಗೆ ಧೂಳು, ಹೆಗಲಿಗೆ ಹೊಲಿಗೆ ಬಿಟ್ಟ ಚೀಲ. ಓದಲು ಎಬ್ಬಿಸಿ ನಿಲ್ಲಿಸಿದರೆ ಒಂದೊಂದು ಅಕ್ಷರಕ್ಕೂ ಎಡವುತ್ತಾಳೆಂದು ನನಗೆ ಗೊತ್ತಿತ್ತು. ಅವಳು ಬಾಯಿ ತೆರೆದು, ನಾನೇ ಕಲಿಸಿದ ವಾಕ್ಯವನ್ನು ಹೇಳಿದಳು: “ಮೇ ಐ ಕಮ್ ಇನ್, ಟೀಚರ್?” ನಾನು ಪಾಠ ನಿಲ್ಲಿಸಲಿಲ್ಲ. ಅಂಗೈ ಮುಂದೆ ಚಾಚಿ, ಬೇಡ, ಹೋಗು ಎಂಬಂತೆ ಒಮ್ಮೆ ಆಡಿಸಿದೆ. ಅವಳು ಹೋದಳು.

ಆ ವಿಡಿಯೊವನ್ನು ಕಳಿಸುವ ಮೊದಲು ನಾನು ಇಪ್ಪತ್ತು ಸಲವಾದರೂ ನೋಡಿರಬೇಕು. ಇಪ್ಪತ್ತು ಸಲವೂ ನನ್ನನ್ನೇ ನೋಡಿಕೊಂಡಿದ್ದೆ.

ಮೊದಲ ಸುತ್ತಿನಲ್ಲಿ ನನ್ನ ಹೆಸರು ಬಂತು. ಎರಡನೆಯದು ಆನ್‌ಲೈನ್ ಸಂದರ್ಶನ. ನಮ್ಮ ಹಳ್ಳಿಯ ನೆಟ್‌ವರ್ಕನ್ನು ನಂಬುವಂತಿರಲಿಲ್ಲವಾದ್ದರಿಂದ ಜಮಖಂಡಿಯ ಅಣ್ಣನ ಮನೆಗೆ ಹೋಗಿ, ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತೆ. ಪರದೆಯ ಮೇಲೆ ಮೂವರಿದ್ದರು. ಅವರಲ್ಲಿ ಒಬ್ಬರು ಮಂಗೋಲಿಯಾದ ಹಿರಿಯ ಶಿಕ್ಷಕಿ. ಗುಂಡು ಮುಖ, ನರೆತ ಕೂದಲು, ಗಾಳಿಗೆ ಒಡೆದಂಥ ಕೆಂಪು ಕೆನ್ನೆ. ಇಂಗ್ಲಿಷಿನಲ್ಲಲ್ಲದೆ ನಾನು ಮಾತಾಡಲಾಗದ ಮೊದಲ ವ್ಯಕ್ತಿ! ಎಲ್ಲ ಸರಾಗವಾಗಿ ನಡೆದಿತ್ತು. ಕೊನೆಗೆ ಅವರು ನಿಧಾನವಾಗಿ ಹೇಳಿದರು: ತಮ್ಮ ಶಾಲೆಯ ಮಕ್ಕಳಲ್ಲಿ ಬಹಳಷ್ಟು ಜನ ಕುರಿಗಾರರ ಮಕ್ಕಳು, ತಿಂಗಳುಗಟ್ಟಲೆ ತರಗತಿಗೆ ಬರುವುದಿಲ್ಲ. ಆಮೇಲೆ ಕೇಳಿದರು: ನಿಮ್ಮ ವಿಡಿಯೊದಲ್ಲಿ ಒಂದು ಹುಡುಗಿ ಬಾಗಿಲಿಗೆ ಬಂದು ಒಳಗೆ ಬರಲೇ ಎನ್ನುತ್ತಾಳೆ. ನೀವು ಕೈ ತೋರಿಸಿದಿರಿ, ಅವಳು ಹೋದಳು. ಅವಳು ಯಾರು?

ನನ್ನ ಎದೆಯೊಳಗಿನ ಮಗ್ಗಗಳೆಲ್ಲ ಒಮ್ಮೆಲೇ ನಿಂತುಹೋದವು. ಆ ಒಂದು ಗಳಿಗೆಯಲ್ಲಿ ಖರೆ ಹೇಳಬಹುದಿತ್ತು. ಆದರೆ ನಾಲಿಗೆ ನನಗಿಂತ ಚುರುಕಾಗಿತ್ತು. “ಅವಳು ಬೇರೆ ತರಗತಿಯವಳು. ತಪ್ಪಿ ಬಂದಿದ್ದಳು” ಎಂದೆ. ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನನ್ನನ್ನು ತುಸು ಹೊತ್ತು ನೋಡಿ, ಥ್ಯಾಂಕ್ಯೂ ಎಂದರು.

ಮೂರು ವಾರಕ್ಕೆ ಆಯ್ಕೆಯ ಪತ್ರ ಬಂತು. ಹೆಡ್‌ಮಾಸ್ತರರು ಬೀಳಗಿಯಿಂದ ಪೇಢೆ ತರಿಸಿ ಶಾಲೆಗೆಲ್ಲ ಹಂಚಿದರು. “ಮೇಡಂ, ನಮ್ಮ ಸಾಲಿ ಹೆಸರು ಸಮುದ್ರದ ಆಚಿಗೆ ಒಯ್ದ್ರಿ ನೀವು!” ಎಂದು ಅವರು ಹೇಳುವಾಗ ಅವರ ಕಣ್ಣು ನಿಜವಾಗಿಯೂ ತುಂಬಿತ್ತು. ಮಂಗೋಲಿಯಾಕ್ಕೆ ಸಮುದ್ರ ದಾಟಬೇಕಿಲ್ಲವೆಂದು ಸಮಾಜವಿಜ್ಞಾನದ ಮೇಷ್ಟ್ರು ತಿದ್ದಲು ಹೋದಾಗ ಎಲ್ಲರೂ ಸೇರಿ ಅವರನ್ನು ಸುಮ್ಮನಾಗಿಸಿದರು. ಪೇಢೆ ಹಂಚುತ್ತ ನಾನು ಒಂಬತ್ತನೇ ತರಗತಿಗೆ ಹೋದೆ. ಒಂದು ಮಿಕ್ಕಿತು. “ಅದು ಮಾಳವ್ವಂದ್ರಿ ಟೀಚರ್” ಎಂದಿತು ಒಂದು ಮಗು. “ವಿಡಿಯೊ ತಗದ ದಿನದಿಂದ ಅಕಿ ಬಂದೇ ಇಲ್ರಿ. ಮುಧೋಳ ಕಡೆ ಹ್ವಾದ್ಳು, ಕುರಿ ಹಿಂದ.”

ಆ ಭಾನುವಾರ ಸ್ಕೂಟಿ ಹತ್ತಿ ಮುಧೋಳದ ದಾರಿ ಹಿಡಿದೆ. ಅಲ್ಲಲ್ಲಿ ಕೇಳುತ್ತ ಹೋದರೆ, ಕಬ್ಬು ಕಡಿದ ಒಂದು ಹೊಲದಲ್ಲಿ ಹಿಂಡು ಸಿಕ್ಕಿತು. ಗೊಬ್ಬರವಾಗಲೆಂದು ಹೊಲದೊಡೆಯರು ಕುರಿಗಳನ್ನು ಅಲ್ಲಿ ನಿಲ್ಲಿಸಿಕೊಂಡಿದ್ದರು. ಮಾಳವ್ವ ಒಂದು ಮರಿಯ ಕಾಲಿನಿಂದ ಮುಳ್ಳು ಕೀಳುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಾಗಿ ಎದ್ದು, ಮರಿಯನ್ನು ಅಪ್ಪಿಕೊಂಡೇ “ನಮಸ್ತೇ ಟೀಚರ್” ಎಂದಳು. ಅವಳ ಅವ್ವ ಕಂಬಳಿ ಹಾಸಿ, ಮೂರು ಕಲ್ಲಿನ ಒಲೆ ಹೊತ್ತಿಸಿ ಚಹಾಕ್ಕಿಟ್ಟಳು.

“ಯಾಕವಾ, ಸಾಲೀಗೆ ಬರವಲ್ಲಿ?” ಎಂದೆ.

“ಕುರಿ ಮರಿ ಹಾಕಾಕತ್ತಾವ್ರಿ ಟೀಚರ್. ಅವ್ವಗ ಒಬ್ಬಾಕಿಗೇ ಆಗಂಗಿಲ್ಲ.”

“ಅದೊಂದೇ ಕಾರಣೇನು?”

ಅವಳು ಮರಿಯ ಕಿವಿ ಸವರತೊಡಗಿದಳು. ನಾನೇ ಹೇಳಿದೆ: “ಅವತ್ತ ನಾ ನಿನ್ನ ಒಳಗ ಕರೀಬೇಕಾಗಿತ್ತು. ಕರೀಲಿಲ್ಲ. ತಪ್ಪಾತು ನಂದು.”

ಮಾಳವ್ವ ನನ್ನನ್ನು ಸಮಾಧಾನ ಮಾಡುವವಳಂತೆ ನಕ್ಕಳು. “ಇರಲಿ ಬಿಡ್ರಿ ಟೀಚರ್. ಅದಕ್ಕೇನಾತು? ಮನಿಗೆ ಬೀಗರು ಬಂದಾಗ ನಾವೂ ಬೊಗಳೂ ನಾಯಿ ಕಟ್ಟಿ ಹಾಕ್ತೀವಲ್ರಿ.”

ಅವಳ ದನಿಯಲ್ಲಿ ಕೊಂಕಿರಲಿಲ್ಲ, ಮುನಿಸಿರಲಿಲ್ಲ. ಲೋಕದ ಒಂದು ರೀತಿಯನ್ನು ನನಗೆ ತಿಳಿಯಹೇಳಿದಳು, ಅಷ್ಟೇ. ಕೊಂಕಿದ್ದರೆ ತಡೆದುಕೊಳ್ಳಬಹುದಿತ್ತು. ಚಹಾದ ಲೋಟವನ್ನು ಹಾಗೇ ಕೆಳಗಿಟ್ಟು ಎದ್ದೆ.

ಮರುದಿನ ಹೆಡ್‌ಮಾಸ್ತರರಿಗೆ ಎಲ್ಲ ಹೇಳಿ, ಆಯ್ಕೆ ಮಾಡಿದವರಿಗೆ ನಿಜ ಬರೆದು ತಿಳಿಸುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹುಚ್ಚ ಹಿಡದೈತೇನ್ರಿ ಮೇಡಂ? ಆಗಿದ್ದ ಆಗಿ ಹೋತು. ಒಂದ ಸಣ್ಣ ಮಾತಿಗೆ ಬಾಳೇವು ಕೆಡಿಸ್ಕೋತಾರೇನು ಯಾರರ? ಹೋಗಿ ಬರ್ರಿ ಮೊದಲ. ಬಂದ ಮ್ಯಾಲ ಆ ಹುಡಿಗೀಗೆ ಬೇಕಾದಷ್ಟು ಕಲಿಸ್ಕೋತ ಕೂಡ್ರಿ.” ಅವರ ಮಾತಿನಲ್ಲಿ ನ್ಯಾಯವಿರಲಿಲ್ಲವೆಂದು ನಾನು ಹೇಳಲಾರೆ. ಅವರು ನನ್ನ ಒಳ್ಳೆಯದನ್ನೇ ಬಯಸಿದ್ದರು. ನಾನೂ ಅದನ್ನೇ ಬಯಸುತ್ತಿದ್ದೆನಾದ್ದರಿಂದ ನನಗೆ ಅವರ ಮಾತು ಬಹಳ ರುಚಿಸಿತು. ಎರಡು ದಿನ ಅದನ್ನೇ ಚಪ್ಪರಿಸಿದೆ. ಮೂರನೆಯ ದಿನ ಬಸ್ಸು ಹತ್ತಿ ಬನಹಟ್ಟಿಗೆ, ಅಪ್ಪನ ಹತ್ತಿರ ಹೋದೆ.

ಮಗ್ಗದ ಸದ್ದಿನಲ್ಲೇ ಆಯುಷ್ಯ ಕಳೆದ ಅಪ್ಪನಿಗೆ ಈಗ ಕಿವಿ ದೂರ. ಅವನಿಗೆ ಏನು ಹೇಳಬೇಕಾದರೂ ಕೂಗಿಯೇ ಹೇಳಬೇಕು. ಎದೆಯಲ್ಲಿ ಬಚ್ಚಿಟ್ಟುಕೊಂಡದ್ದನ್ನು ಪಿಸುಗುಟ್ಟಲು ಹೋದವಳು, ಕಟ್ಟೆಯ ಮೇಲೆ ಕೂತ ಅವನ ಕಿವಿಗೆ ಬಾಯಿಟ್ಟು ಕೂಗಬೇಕಾಯಿತು. “ಅಪ್ಪಾ, ನಾ ಸುಳ್ಳ ಹೇಳೇನಿ!” “ಏನ?” “ಸುಳ್ಳ! ಸುಳ್ಳ ಹೇಳೇನಿ!” ಎದುರು ಮನೆಯವರು ಕಿಟಕಿ ತೆರೆದರು. ಹಾದಿಯಲ್ಲಿ ನೂಲಿನ ಗಂಟು ಹೊತ್ತು ಹೋಗುತ್ತಿದ್ದವನು ನಿಂತ. ಹೀಗೆ ನನ್ನ ಪಾಪ ಇಡೀ ಓಣಿಗೆ ಕೇಳುವಂತೆ ನಿವೇದನೆಯಾಯಿತು. ಅಪ್ಪ ಎಲ್ಲವನ್ನೂ ಕೇಳಿ, ಎಲೆಗೆ ಸುಣ್ಣ ಸವರಿದ. ಆಮೇಲೆ ಅಂದ: “ಸುಳ್ಳ ಹೇಳುವಷ್ಟು ಇಂಗ್ಲಿಷ್ ಬಂತು. ಖರೆ ಹೇಳುವಷ್ಟು ಬರತೈತಿಲ್ಲೊ ಯವ್ವಾ?”

ಅಲ್ಲೇ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಬರೆದೆ. ಅರ್ಜಿಯ ಪ್ರಬಂಧಕ್ಕೆ ತಿಂಗಳು ತಿಣುಕಿದವಳಿಗೆ ಈ ಪತ್ರ ಹತ್ತು ಸಾಲಿನಲ್ಲಿ ಮುಗಿಯಿತು. ಹುಡುಗಿ ನನ್ನ ತರಗತಿಯವಳೇ. ಅವಳ ಹೆಸರು ಮಾಳವ್ವ. ಅವಳಿಂದ ನನ್ನ ಪಾಠ ಕೆಡುತ್ತದೆಂದು ಹೊರಗೆ ಕಳಿಸಿದೆ. ನಿಮಗೆ ಸುಳ್ಳು ಹೇಳಿದೆ. ಕಳಿಸುವ ಗುಂಡಿ ಒತ್ತಿದಾಗ, ಅವರು ಮೆಚ್ಚಿಕೊಂಡು ಹೇಗೂ ಕರೆಸಿಕೊಳ್ಳುತ್ತಾರೆಂಬ ಆಸೆ ಮೂಲೆಯಲ್ಲಿ ಇತ್ತು. ಇಲ್ಲವೆಂದರೆ ಇದು ಎರಡನೆಯ ಸುಳ್ಳಾದೀತು.

ಕರೆಸಿಕೊಳ್ಳಲಿಲ್ಲ. ಸಂದರ್ಶನದಲ್ಲಿ ತಪ್ಪು ಮಾಹಿತಿ ಕೊಟ್ಟಿದ್ದರಿಂದ ಆಯ್ಕೆ ರದ್ದಾಗಿದೆ, ಎರಡು ವರ್ಷದ ನಂತರ ಮತ್ತೆ ಅರ್ಜಿ ಹಾಕಬಹುದು ಎಂಬ ಪತ್ರ ಬಂದದ್ದು ನಾನು ಬೀಳಗಿಯ ಬಸ್‌ಸ್ಟ್ಯಾಂಡಿನಲ್ಲಿ ಇದ್ದಾಗ. ಬಾಗಲಕೋಟೆಯ ಬಸ್ಸು ಬಂದು ಹೋಯಿತು, ಇನ್ನೊಂದು ಬಂದು ಹೋಯಿತು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬೆಂಚಿನ ಮೇಲೆ ಕೂತೇ ಇದ್ದೆ. ಆ ಹಿರಿಯ ಶಿಕ್ಷಕಿ ಮಾತ್ರ ಬೇರೆಯಾಗಿ ಎರಡು ಸಾಲು ಬರೆದಿದ್ದರು: ನಿಯಮವನ್ನು ನಾನು ಬದಲಿಸಲಾರೆ. ಮಾಳವ್ವನಿಗೆ ನನ್ನ ನಮಸ್ಕಾರ ಹೇಳಿ.

ಎರಡು ವರ್ಷ ಕಳೆಯುವಷ್ಟರಲ್ಲಿ ನಾನು ಅವರ ವಯೋಮಿತಿ ದಾಟಿದ್ದೆ. ಹಾಗಾಗಿ ಓದುಗ ಮಿತ್ರರೇ, ನಾನು ಮಂಗೋಲಿಯಾ ನೋಡಲಿಲ್ಲ. ಚಳಿಗಾಲದ ಬೆಳಗುಗಳಲ್ಲಿ ಈಗಲೂ ಒಮ್ಮೊಮ್ಮೆ ಆ ಹಿಮದ ಬಯಲು ಕಣ್ಣಿಗೆ ಕಟ್ಟುತ್ತದೆ. ಹೋಗದ ಊರಿನ ನೆನಪು ಹೋದ ಊರಿನ ನೆನಪಿಗಿಂತ ಗಟ್ಟಿ ಎಂದು ಆಗ ಅನಿಸುತ್ತದೆ. ವಿಷಾದವಿಲ್ಲ ಎಂದು ಹೇಳಿ ದೊಡ್ಡವಳೆನಿಸಿಕೊಳ್ಳುವ ಆಸೆ ನನಗಿಲ್ಲ. ಇದೆ. ಹೆಡ್‌ಮಾಸ್ತರರು ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಎಂಟನೆಯ ದಿನ ತಾವೇ ಬಂದು, “ಮಾಳವ್ವನ ಹಾಜರಿಗೆ ಏನರ ದಾರಿ ಮಾಡೂಣ್ರಿ” ಎಂದರು.

ದಾರಿ ಸಿಕ್ಕದ್ದು ಅವಳ ಅವ್ವನ ಮೊಬೈಲಿನಲ್ಲಿ. ಹಿಂಡು ಎಲ್ಲೇ ಇರಲಿ, ಆ ದಿನದ ಪಾಠವನ್ನು ದನಿಯಲ್ಲಿ ಹೇಳಿ ಕಳಿಸತೊಡಗಿದೆ. ಅವಳು ದಿನಕ್ಕೊಂದು ವಾಕ್ಯವನ್ನಾದರೂ ಇಂಗ್ಲಿಷಿನಲ್ಲಿ ಹೇಳಿ ಕಳಿಸಬೇಕು, ಅದು ಕರಾರು. ಮೊದಮೊದಲು ಪುಸ್ತಕದ ವಾಕ್ಯಗಳೇ ಬರುತ್ತಿದ್ದವು: ಇದು ಪೆನ್ನು, ಅದು ಹಸು. ಹಿಂದೆ ಕುರಿಗಳ ಗಂಟೆಯ ಸದ್ದು, ಗಾಳಿ. ಈಗ ಮಾಳವ್ವ ಜಮಖಂಡಿಯಲ್ಲಿ ಡಿಗ್ರಿ ಓದುತ್ತಾಳೆ, ಎದುರು ಸಿಕ್ಕರೆ ನನ್ನೊಡನೆ ವಾದಕ್ಕೇ ನಿಲ್ಲುತ್ತಾಳೆ. ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಮೊದಲ ವರ್ಷದ ಒಂದು ಮಧ್ಯಾಹ್ನ.

ಸ್ಟಾಫ್‌ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಮೊಬೈಲು ಗುಂಯ್ ಎಂದಿತು. ಕಿವಿಗೆ ಹಿಡಿದೆ. ಮಾಳವ್ವ ಒಂದೊಂದೇ ಶಬ್ದವನ್ನು ಹುಡುಕಿ ತೆಗೆದು ಹೇಳುತ್ತಿದ್ದಳು: “ಟೀಚರ್, ಟುಡೇ ಟೂ ಲ್ಯಾಂಬ್ ಕಮ್. ಒನ್ ಈಸ್ ಡೆಡ್. ಮದರ್ ಈಸ್ ನಾಟ್ ಗೋಯಿಂಗ್. ಓನ್ಲಿ ಸ್ಟ್ಯಾಂಡಿಂಗ್.”

ಸತ್ತ ಮರಿಯನ್ನು ಬಿಟ್ಟು ಕದಲದ ತಾಯಿಕುರಿಯ ಸುದ್ದಿ; ಪುಸ್ತಕದಲ್ಲಿ ಎಲ್ಲೂ ಇಲ್ಲದ ವಾಕ್ಯ. ಅಭ್ಯಾಸಬಲದಿಂದ ತಪ್ಪು ತಿದ್ದಲು ಗುಂಡಿ ಒತ್ತಿದವಳು, ಬಾಯಿ ತೆರೆದು, ಹಾಗೇ ಬಿಟ್ಟೆ. ಕೆಂಪು ಪೆನ್ನನ್ನು ಮುಚ್ಚಿಟ್ಟೆ. ಆಮೇಲೆ, ಇಡೀ ಸ್ಟಾಫ್‌ರೂಮು ತಿರುಗಿ ನೋಡುವಷ್ಟು ಮೆಲ್ಲಗೆ, “ಸಿಟ್ ವಿತ್ ಹರ್, ಮಾಳವ್ವ” ಎಂದೆ.

ತುಸು ಹೊತ್ತಿಗೆ ಉತ್ತರ ಬಂತು. ಗಂಟೆಗಳ ಸದ್ದು ಈಗ ದೂರವಾಗಿತ್ತು; ಹಿಂಡು ಮುಂದೆ ಹೋಗಿರಬೇಕು.

“ಐ ಆಮ್ ಸಿಟ್ಟಿಂಗ್, ಟೀಚರ್.”