ದಿಮ್ಮಿ ತಟ್ಟುತ್ತಿದ್ದ ಮಿಸ್ತ್ರಿ

ಮಿಸ್ತ್ರಿಯವರ ಬಲಗೈಯ ನಡುಬೆರಳಿನ ಗೆಣ್ಣು ಉಳಿದ ಗೆಣ್ಣುಗಳಿಗಿಂತ ದಪ್ಪಗಿತ್ತು. ಗ್ರೀಸು ಕುಡಿದು ಕುಡಿದು ಅದು ಹಳೆಯ ಬಾಗಿಲಿನ ಕಬ್ಬಿಣದ ಗುಂಡುಮೊಳೆಯಂತೆ ಹೊಳೆಯುತ್ತಿತ್ತು. ಯಾವ ವಸ್ತುವನ್ನಾದರೂ ಅವರು ಮೊದಲು ಆ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದರು, ಆಮೇಲೆ ಕೈ ಹಚ್ಚುತ್ತಿದ್ದರು. ಲಾರಿಯ ಡೀಸೆಲ್ ಟಾಕಿ ತಟ್ಟುತ್ತಿದ್ದರು, ಸಂತೆಯಲ್ಲಿ ಹಲಸಿನ ಹಣ್ಣು ತಟ್ಟುತ್ತಿದ್ದರು. ಒಮ್ಮೆ ನನ್ನ ಹೊಸ ಸೂಟ್‌ಕೇಸನ್ನು ತಟ್ಟಿ, "ಒಳಗ ಬರೇ ರಟ್ಟ ಐತ್ರಿ ಮಾಸ್ತರ" ಎಂದು ಮುಖದ ಮೇಲೆ ಹೇಳಿದ್ದರು. ಆ ಎರಡು ಸಪ್ಪಳ ನನಗೆ ಈಗಲೂ ಕೇಳಿಸುತ್ತವೆ. ಒಂದು ದಿನ ಮಾತ್ರ ಅವು ಕೇಳಿಸಲಿಲ್ಲ. ಆ ದಿನವನ್ನು ನಾನು ಎಷ್ಟು ಸಲ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನಡೆಸಿ ನೋಡಿದ್ದೇನೋ ಲೆಕ್ಕವಿಲ್ಲ.

ಆಗ ಸೂಪಾ ಅಣೆಕಟ್ಟಿನ ಕೆಲಸ ನಡೆದಿತ್ತು. ನಾನು ಬಂಗೂರನಗರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಮಿಸ್ತ್ರಿಯವರ ಶೆಡ್ಡು ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ಬಿದಿರಿನ ಲಾರಿಗಳು, ಸಿಮೆಂಟಿನ ಲಾರಿಗಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಲಾರಿಯ ಹೊಟ್ಟೆಯಡಿ ಒಂದರ ಮೇಲೊಂದು ಪೇರಿಸಿದ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಅವಕ್ಕೆ ಅಲ್ಲಿ ಪಾಟಾ ಎನ್ನುತ್ತಾರೆ. ಕಾಡಿನ ದಾರಿಯಲ್ಲಿ ಅವು ಮುರಿಯದ ದಿನವಿರಲಿಲ್ಲ. ಪಾಟಾ ಕಟ್ಟುವುದರಲ್ಲಿ ಅವರನ್ನು ಮೀರಿಸಿದವರು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ ಎಂದು ಡ್ರೈವರುಗಳು ಹೇಳುತ್ತಿದ್ದರು. ಹಳಿಯಾಳದ ಕಡೆಯ ಸಿದ್ದಿ ಕುಟುಂಬದವರು ಅವರು. ಹುಡುಗರಾಗಿದ್ದಾಗ ಕಟ್ಟಿಗೆ ಡಿಪೋದಲ್ಲಿ ನಾಟಾ ಹೊತ್ತವರು, ಆಮೇಲೆ ಒಬ್ಬ ಮುಸಲ್ಮಾನ ಉಸ್ತಾದರ ಹತ್ತಿರ ಕೆಲಸ ಕಲಿತವರು. ಮನೆಯಲ್ಲಿ ಕೊಂಕಣಿ, ಶೆಡ್ಡಿನಲ್ಲಿ ಕನ್ನಡ, ಹೊರಗಿನ ಡ್ರೈವರುಗಳೊಡನೆ ಉರ್ದು. ಭಾನುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೆಂಡತಿ, ಮಗಳೊಡನೆ ಇಗರ್ಜಿಗೆ ಹೋಗುವಾಗ ಅವರ ಗುರುತು ಸಿಕ್ಕುತ್ತಿದ್ದುದು ಆ ಗೆಣ್ಣಿನಿಂದಲೇ.

ಅವರ ಶೆಡ್ಡಿನಲ್ಲಿ ಕುರ್ಚಿ ಇರಲಿಲ್ಲ. ಯಾಕೆಂದು ಕೇಳಿದ್ದೆ.

"ಕುರ್ಚಿ ಇಟ್ರ ಡ್ರೈವರಗೋಳು ಏಳೂದಿಲ್ರಿ. ಹರಟಿ ಹೊಡಕೋತ ಕುಂತ ಬಿಡ್ತಾರ. ನಿಂತ್ರ ಕಾಲ ನೋಯ್ತಾವ, ತಾವ ಹೋಗ್ತಾರ."

ನಾನು ಅವರಲ್ಲಿಗೆ ಹೋದದ್ದು ನನ್ನ ಕಾರಿನ ದೆಸೆಯಿಂದ. ಗೋವೆಯ ಒಬ್ಬರಿಂದ ಹಳೆಯ ಅಂಬಾಸಿಡರ್ ಕೊಂಡಿದ್ದೆ. ಅವರು ಅದನ್ನು ಓಟದ ಕಾರಿನ ಹಾಗೆ ಕಾಣಲೆಂದು ಹಿಂದಿನ ಪಾಟಾಗಳಿಂದ ಎರಡೆರಡು ಪಟ್ಟಿ ತೆಗೆಸಿ, ಮುಂದಿನ ಭಾಗವನ್ನೂ ಇಳಿಸಿ, ನೆಲಕ್ಕೆ ಹತ್ತಿರ ಮಾಡಿಸಿದ್ದರು. ಸಮುದ್ರದ ದಂಡೆಯ ನುಣುಪು ಡಾಂಬರಿಗೆ ಅದು ಸರಿ. ನನಗೂ ಅದರ ಚೆಂದ ಹಿಡಿಸಿತ್ತು, ಹುಡುಗರು ಶಿಳ್ಳೆ ಹಾಕಿದರೆ ಒಳಗೊಳಗೇ ಖುಷಿಯಾಗುತ್ತಿತ್ತು. ಗಣೇಶಗುಡಿ ದಾಟಿ ಒಂದು ಸಲ ಉಳವಿಯ ದಾರಿ ಹಿಡಿದಾಗ ಆ ಚೆಂದವೆಲ್ಲ ಇಳಿಯಿತು. ದಾರಿಯ ನಡುವೆ ಎದ್ದಿದ್ದ ಒಂದು ಕಲ್ಲು ಎಂಜಿನ್ನಿನ ಅಡಿಯನ್ನು ಸೀಳಿತು, ಎಣ್ಣೆಯೆಲ್ಲ ಹರಿದುಹೋಯಿತು. ಬಿದಿರಿನ ಲಾರಿಯೊಂದು ಹಗ್ಗ ಕಟ್ಟಿ ಎಳೆದು ತಂದು ಮಿಸ್ತ್ರಿಯ ಶೆಡ್ಡಿನ ಮುಂದೆ ಬಿಟ್ಟಿತು.

ಅವರು ಕಾರಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ಟು ಎರಡು ಸಲ ತಟ್ಟಿದರು.

"ಇದೇನ್ರೀ ಮಾಸ್ತರ, ಗಾಡಿಗೆ ಕುಂಡ್ರು ಅಂತ ಹೇಳೀರೇನು?"

ಒಡೆದದ್ದನ್ನು ಬೆಸೆದು ಕೊಟ್ಟರು. ಆದರೆ ನನ್ನ ತೊಂದರೆ ಅಲ್ಲಿಗೆ ಮುಗಿಯಲಿಲ್ಲ. ಮುಂಡಗೋಡದಲ್ಲಿದ್ದ ನಮ್ಮ ಅತ್ತೆಯವರಿಗೆ ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಉಳವಿಯ ಗುಡಿಗೆ ಒಮ್ಮೆ ಹೋಗಿಬರಬೇಕೆಂಬುದು ಅವರ ಬಹಳ ದಿನದ ಆಸೆ. ಕರೆದುಕೊಂಡು ಹೋಗುತ್ತೇನೆಂದು ನಾನು ಮಾತು ಕೊಟ್ಟಾಗಿತ್ತು. ಪೂರಾ ಎತ್ತರಿಸಿದರೆ ಹಳಿಯಾಳದ ಡಾಂಬರಿನ ಮೇಲೆ ಹೋಗುವ ಸೊಗಸು ಹೋಗುತ್ತದಲ್ಲ ಎಂಬ ಚಪಲವೂ ಇತ್ತು. ಎರಡನ್ನೂ ಮಿಸ್ತ್ರಿಗೆ ಹೇಳಿದೆ.

"ಅಂದ್ರ ಒಂದ ಗಾಡಿ ಕುಂಡ್ರಬೇಕು, ನಿಂದರಬೇಕು, ಎರಡೂ ಮಾಡಬೇಕು," ಎಂದು ಅವರು ನಕ್ಕರು. ಮೂರು ದಿನ ಬಿಟ್ಟು ಬರಲು ಹೇಳಿದರು.

ಅವರು ಹೂಡಿದ ಉಪಾಯ ನನಗೆ ಇಂದಿಗೂ ಮೆಚ್ಚುಗೆ. ಕಾರಿನ ಮುಂಭಾಗದ ಭಾರವನ್ನು ತಿರುಚಿ ಹಿಡಿಯುವ ಉದ್ದನೆಯ ಸರಳುಗಳಿಗೆ ತಿರುಪಿನ ದೊಡ್ಡ ಬೋಲ್ಟು ಕೂಡಿಸಿದರು. ಪಾನಾ ಹಾಕಿ ತಿರುವಿದರೆ ಮೂಗು ಏಳುತ್ತದೆ, ಹಿಂದಕ್ಕೆ ತಿರುವಿದರೆ ಇಳಿಯುತ್ತದೆ. ಹಿಂದೆ, ತೆಗೆದಿದ್ದ ಪಟ್ಟಿಗಳನ್ನು ಮತ್ತೆ ಸೇರಿಸಿ, ಪಾಟಾದ ತುದಿಯನ್ನು ಕಾರಿಗೆ ತೂಗುಹಾಕುವ ಕೊಂಡಿಯನ್ನು ಹೊಸದಾಗಿ ಉದ್ದ ಮಾಡಿ ಅದಕ್ಕೆ ಮೂರು ತೂತು ಕೊರೆದರು. ಪಿನ್ನು ಮೇಲಿನ ತೂತಿನಲ್ಲಿದ್ದರೆ ಕಾರು ತಗ್ಗು, ಕೆಳಗಿನದರಲ್ಲಿದ್ದರೆ ಎತ್ತರ. ಆ ತೂತುಗಳಿಗೆ ಅವರೇ ಹೆಸರಿಟ್ಟರು: ಮೇಲಿನದು ಹಳಿಯಾಳ, ನಡುವಿನದು ಗಣೇಶಗುಡಿ, ಕೆಳಗಿನದು ಉಳವಿ. ಆಮೇಲೆ ನಾನು ಯಾವಾಗ ಶೆಡ್ಡಿನ ಮುಂದೆ ಹಾದರೂ, "ಇವತ್ತ ಯಾ ತೂತಿಗೆ ಹೊಂಟೀರಿ ಮಾಸ್ತರ?" ಎಂದೇ ಕೂಗುತ್ತಿದ್ದರು.

ಈ ಕೆಲಸದ ಕೊನೆಯ ದಿನ ಆ ಘಟನೆ ನಡೆಯಿತು.

ಅದಕ್ಕೆ ಮೊದಲು ದಿಮ್ಮಿಯ ಸಂಗತಿ ಹೇಳಬೇಕು. ಮಿಸ್ತ್ರಿಯ ಬಳಿ ಮೊಳಕ್ಕಿಂತ ಸ್ವಲ್ಪ ಗಿಡ್ಡಗಿನ ಒಂದು ಮತ್ತಿಮರದ ದಿಮ್ಮಿ ಇತ್ತು. ಜಾಕಿನಿಂದ ಯಾವ ಗಾಡಿ ಎತ್ತಿದರೂ ಅದರಡಿಗೆ ಈ ದಿಮ್ಮಿಯನ್ನು ನಿಲ್ಲಿಸದೆ ಅವರು ಒಳಗೆ ತೂರುತ್ತಿರಲಿಲ್ಲ. ಬೆನ್ನಡಿಗೆ ಗೋಣಿಚೀಲ ಹಾಸಿಕೊಂಡು, ಅಂಗಾತ ಮಲಗಿ, ಹೆಗಲವರೆಗೆ ಒಳಗೆ ಸರಿದು, ನೋಡದೆಯೇ ಕೈ ಚಾಚಿ ದಿಮ್ಮಿಯನ್ನು ಎರಡು ಸಲ ತಟ್ಟುತ್ತಿದ್ದರು. ಟಕ್ ಟಕ್. ಆಮೇಲೇ ಪಾನಾ ಕೇಳುತ್ತಿದ್ದರು. ನಾನು ಒಮ್ಮೆ ಚೇಷ್ಟೆಗೆ, "ದೇವರ ಬಾಗಲಾ ಬಡೀತೀರೇನು?" ಎಂದದ್ದಕ್ಕೆ, "ಹೌದ್ರಿ, ಇನ್ನೂ ಬರೂದಿಲ್ಲಾಂತ ಹೇಳಾಕ ಬಡೀತೇನಿ" ಎಂದಿದ್ದರು.

ಹಿಂದಿನ ರಾತ್ರಿ ಮಳೆಯಾಗಿ ಅಂಗಳದ ಮಣ್ಣು ಮೆತ್ತಗಾಗಿತ್ತು. ಮುಂದಿನದೆಲ್ಲ ಮುಗಿದು, ಹಿಂದಿನ ಎಡಗಡೆಯ ಕೊಂಡಿ ಒಂದೇ ಬಾಕಿ. ಆ ಗಾಲಿ ಬಿಚ್ಚಿಟ್ಟಿದ್ದರು. ಜಾಕಿನ ಅಡಿಗೆ ಹಲಗೆಯ ತುಂಡು, ಪಕ್ಕದಲ್ಲಿ ದಿಮ್ಮಿ. ಪಿನ್ನು ತೂತಿಗೆ ಸರಿಯಾಗಿ ಕೂರಲು ಜಾಕನ್ನು ಕೊಂಚ ಏರಿಸಿ ಇಳಿಸಿ ಮಾಡಬೇಕಾಗಿತ್ತು. ಆದ್ದರಿಂದ ದಿಮ್ಮಿಗೂ ಕಾರಿಗೂ ನಡುವೆ ಎರಡು ಬೆರಳು ಸಂದಿ ಬಿಟ್ಟಿದ್ದರು. ತಂದ ಪಿನ್ನು ಕೂದಲೆಳೆಯಷ್ಟು ದಪ್ಪವಾಯಿತೆಂದು, ಅದನ್ನು ತಿಕ್ಕಿಸಿಕೊಂಡು ಬರಲು ಎದುರಿನ ಲೇತ್ ಅಂಗಡಿಗೆ ಹೋದರು.

ಅಷ್ಟರಲ್ಲಿ ನಮ್ಮ ಮಾವನವರು ಬಂದರು. ಮುಂಡಗೋಡದಲ್ಲಿ ಅವರದು ಕಾಳಿನ ಅಂಗಡಿ. ಹಿಂದಿನ ದಿನವೇ ಪರಿಚಯದವರೊಬ್ಬರ ಕಾರಿನಲ್ಲಿ ಅತ್ತೆಯವರನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಕಾರು ನಿಜವಾಗಿಯೂ ಎದ್ದಿದೆಯೋ ಇಲ್ಲವೋ ತಾವೇ ನೋಡಬೇಕೆಂದು ನಡೆದುಕೊಂಡೇ ಬಂದುಬಿಟ್ಟಿದ್ದರು. ಗರಿಗರಿ ಧೋತರ, ತಲೆಗೆ ರುಮಾಲು. ಎಣ್ಣೆಯ ಅಂಗಳದಲ್ಲಿ ಧೋತರದ ಅಂಚು ಎತ್ತಿ ಹಿಡಿದು ನಿಂತರು.

"ಏನ್ರೀ ಅಳಿಯಂದ್ರ, ಹಿರ್ಯಾರನ್ನ ನಿಂದರಿಸಿ ಮಾತಾಡ್ಸೂದು ನಿಮ್ಮ ಕಾಲೇಜಿನ ರಿವಾಜೇನು?"

ಹಾಸ್ಯಕ್ಕೇ ಅಂದದ್ದು. ನನಗೆ ಮಾತ್ರ ಮೈಯೆಲ್ಲ ಬಿಸಿಯಾಯಿತು. ಸುತ್ತ ನೋಡಿದೆ. ಕುರ್ಚಿ ಇಲ್ಲ, ಡಬ್ಬಿಗಳ ಮೇಲೆಲ್ಲ ಎಣ್ಣೆ. ಕಣ್ಣಿಗೆ ಬಿದ್ದದ್ದು ದಿಮ್ಮಿ. ಕಾರಿಗೂ ಅದಕ್ಕೂ ನಡುವೆ ಎರಡು ಬೆರಳು ಬೆಳಕು ಕಾಣುತ್ತಿತ್ತು. ಭಾರವೆಲ್ಲ ಜಾಕಿನ ಮೇಲಿದೆ, ಇದರ ಮೇಲೆ ಏನೂ ಇಲ್ಲ, ಅಂದಮೇಲೆ ಇದು ಇಲ್ಲಿ ಯಾವ ಕೆಲಸವನ್ನೂ ಮಾಡುತ್ತಿಲ್ಲ ಎಂದು ನನ್ನ ಭೌತಶಾಸ್ತ್ರ ತೀರ್ಮಾನ ಮಾಡಿತು. ಹಗುರಾಗಿ ಎಳೆದು, ನನ್ನ ಕರವಸ್ತ್ರದಿಂದ ಒರೆಸಿ, ಮಾವನವರನ್ನು ಕೂರಿಸಿದೆ. ಮಿಸ್ತ್ರಿ ಬಂದೊಡನೆ ಹೇಳಿದರಾಯಿತು ಎಂದುಕೊಂಡೆ.

ಮಾವನವರು ಅತ್ತೆಯವರ ಮೊಣಕಾಲಿನ ಮಾತು ತೆಗೆದರು. ನಾನು ಹೂಂಗುಟ್ಟುತ್ತ ಮರೆತೆ.

ಮಿಸ್ತ್ರಿ ಬಂದರು. ನಮ್ಮ ಕಡೆ ಅರ್ಧ ತಿರುಗಿ "ನಮಸ್ಕಾರ್ರಿ ಸಾವ್ಕಾರ್ರ" ಎಂದು, ಅದೇ ನಡಿಗೆಯಲ್ಲಿ ಗೋಣಿಚೀಲದ ಮೇಲೆ ಮಲಗಿ ಒಳಗೆ ಸರಿದರು. ನಾನು ಬಾಯಿ ತೆರೆದೆ. ಮಾವನವರು ಏನೋ ಕೇಳಿದರು, ಅವರಿಗೆ ಉತ್ತರ ಕೊಟ್ಟೆ. ಕೊಟ್ಟದ್ದು ಒಂದೇ ಮಾತು. ಆ ಒಂದು ಮಾತಿನ ಹೊತ್ತು ಎಷ್ಟಿರಬಹುದೆಂದು ನಾನು ಆಮೇಲೆ ಗಡಿಯಾರ ಹಿಡಿದು ನೋಡಿದ್ದುಂಟು.

ತಟ್ಟುವ ಸಪ್ಪಳ ಬರಲಿಲ್ಲ.

ಗೆಣ್ಣು ಗಾಳಿಯಲ್ಲಿ ಆಡಿತು. ಕೈ ಆಚೆ ಈಚೆ ತಡವಿತು. ಒಳಗಿನಿಂದ "ದಿಮ್ಮಿ ಎಲ್ಲಿ?" ಎಂಬ ಪ್ರಶ್ನೆ ಬರಲಿಲ್ಲ. ಅವರು ಏನನ್ನೂ ಕೇಳದೆ ಎರಡೂ ಹಿಮ್ಮಡಿಗಳನ್ನು ಮಣ್ಣಿಗೆ ಒತ್ತಿ ಮೈಯನ್ನು ಹೊರಗೆ ಎಳೆದುಕೊಂಡರು. ಎದ್ದು ಕುಳಿತು ನೋಡಿದರು. ಮಾವನವರ ಧೋತರದ ನೆರಿಗೆಯಡಿ ದಿಮ್ಮಿ ಕಂಡಿತು. ನನ್ನ ಮುಖ ಕಂಡಿತು.

ಬೇರೆಯವರಾಗಿದ್ದರೆ ಹಿರಿಯರನ್ನು ಎಬ್ಬಿಸುತ್ತಿದ್ದರು, ಇಲ್ಲವೆ ನನ್ನನ್ನು ಬಯ್ಯುತ್ತಿದ್ದರು. ಅವರು, "ಇರ್ಲಿ ಇರ್ಲಿ, ಕುಂಡ್ರಿ ಸಾವ್ಕಾರ್ರ. ನಾನ ಗಾಡಿ ಕೆಳಗ ಇಳಸ್ತೇನಿ" ಎಂದು ಹೊರಗಿನಿಂದಲೇ ಬಗ್ಗಿ ಜಾಕಿನ ಹಿಡಿಕೆಗೆ ಕೈ ಹಾಕಿದರು. ಅರ್ಧ ಸುತ್ತು ತಿರುಗಿಸಿರಬಹುದು. ಹಲಗೆ ಮೆತ್ತನೆಯ ಮಣ್ಣಿನಲ್ಲಿ ಒಂದು ಮಗ್ಗುಲಿಗೆ ಕುಸಿಯಿತು, ಜಾಕು ಓರೆಯಾಗಿ ಚಿಮ್ಮಿತು, ಕಾರು ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಒದ್ದೆ ಮೂಟೆ ಇಳಿಸಿದಂತೆ ಧಪ್ಪೆಂದಿತು, ಅಷ್ಟೆ. ಗಾಲಿಯಿಲ್ಲದ ಮೂಲೆ ಮಣ್ಣಿನಲ್ಲಿ ಹೂತಿತು. ಅವರು ಮಲಗಿದ್ದ ಗೋಣಿಚೀಲದ ಮೇಲ್ತುದಿ ಕಾರಿನಡಿ ಒತ್ತಿಹೋಗಿತ್ತು. ತಲೆ ಇದ್ದ ಕಡೆ.

"ಏನಾತು?" ಎಂದರು ಮಾವನವರು.

"ಏನಿಲ್ರಿ ಸಾವ್ಕಾರ್ರ. ಗಾಡಿ ಕುಂತು. ಚಹಾ ಕುಡೂಣು?"

ಚಹಾ ಬಂತು. ನಾನು ಕುಡಿಯದೆ ಆ ಗೋಣಿಚೀಲವನ್ನೇ ನೋಡುತ್ತಿದ್ದೆ. ಮಿಸ್ತ್ರಿ ನನ್ನ ಕೈಯಿಂದ ಚಹಾದ ಕಪ್ಪು ತೆಗೆದುಕೊಂಡು ಪಕ್ಕಕ್ಕಿಟ್ಟರು. ಮಾವನವರು ಕಾರಿನ ಆ ಬದಿಗೆ ಹೋದಾಗ, "ಮಿಸ್ತ್ರೀ, ತಪ್ಪು ನಂದು" ಎಂದೆ.

"ಗೊತ್ತೈತ್ರಿ," ಎಂದರು. "ಆ ದಿಮ್ಮಿ ಮನಷ್ಯಾನ್ನೂ ಹೊರತೈತಿ, ಗಾಡೀನೂ ಹೊರತೈತಿ. ಎರಡೂ ಒಮ್ಮೆಗೆ ಹೊರಾಂಗಿಲ್ಲ. ನಿಮಗ ಅಷ್ಟ ಗೊತ್ತಿರಲಿಲ್ಲ." ಆಮೇಲೆ ಧ್ವನಿ ತಗ್ಗಿಸಿ, "ಸಾವ್ಕಾರ್ರಿಗೆ ಹೇಳಬ್ಯಾಡ್ರಿ. ತಾವು ಕುಂತದ್ದಕ್ಕ ಹಿಂಗಾತಂತ ಹಿರ್ಯಾ ಮನಷ್ಯಾ ಕೊರಗ್ತಾರ" ಎಂದರು.

ಸಾವಿನ ಬಾಯಿಂದ ಆಗತಾನೆ ಎದ್ದು ಬಂದವರು ಯಾರು, ಸಮಾಧಾನ ಮಾಡಿಸಿಕೊಳ್ಳುತ್ತಿರುವವನು ಯಾರು ಎಂದು ನನಗೆ ಅಲ್ಲಿ ನಿಂತಾಗ ಹೊಳೆಯಲಿಲ್ಲ. ಮನೆಗೆ ಹೋಗಿ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡ ಮೇಲೆ ಹೊಳೆಯಿತು. ಅವರು ಉಳಿದರು, ಉಳಿದರು ಎಂದು ನನಗೆ ನಾನೇ ಎಷ್ಟೋ ಹೊತ್ತು ಹೇಳಿಕೊಂಡೆ.

ಆ ಸಂಜೆಯೇ ಅವರು ದಿಮ್ಮಿ ಇಟ್ಟು, ತಟ್ಟಿ, ಕೆಲಸ ಮುಗಿಸಿದರು. ಮರುದಿನ ಉಳವಿಯ ತೂತಿನಲ್ಲಿ ಪಿನ್ನು ಹಾಕಿಕೊಂಡು ಹೊರಟೆವು. ಎಂಜಿನ್ ಸೀಳಿದ್ದ ಆ ಕಲ್ಲಿನ ಮೇಲೆ ಕಾರು ಏನನ್ನೂ ಮುಟ್ಟದೆ ದಾಟಿತು. ಅತ್ತೆಯವರು ದೇವರ ಮುಂದೆ ಏನು ಬೇಡಿಕೊಂಡರೋ ಗೊತ್ತಿಲ್ಲ. ನಾನು ಬೇಡಿಕೊಳ್ಳಲಿಲ್ಲ, ಬೇಡುವುದಕ್ಕಿಂತ ಹೆಚ್ಚಿನದು ನನಗೆ ಹಿಂದಿನ ದಿನವೇ ಸಿಕ್ಕಿತ್ತು.

ಮುಂದಿನ ವಾರ ಬಡಿಗರಿಂದ ಕೂರಲು ಒಂದು ಉದ್ದನೆಯ ಸಾಗವಾನಿ ಬಾಂಕು ಮಾಡಿಸಿ ಶೆಡ್ಡಿಗೆ ಒಯ್ದೆ. ಮಿಸ್ತ್ರಿ ಅದನ್ನು ಎರಡು ಸಲ ತಟ್ಟಿದರು. "ಗಟ್ಟಿ ಐತಿ. ಆದ್ರ ಇನ್ನ ಡ್ರೈವರಗೋಳ ಹರಟಿಗೆ ನೀವ ಜವಾಬ್ದಾರ್ರು ನೋಡ್ರಿ ಮತ್ತ," ಎಂದು ನಕ್ಕರು.

ಎರಡು ವರ್ಷದ ಮೇಲೆ ನನಗೆ ಧಾರವಾಡದಲ್ಲಿ ಬೇರೆ ಕೆಲಸ ಸಿಕ್ಕಿತು. ಕಾರು ಮಾರಿದೆ. ದಾಂಡೇಲಿಗೆ ಹೋಗುವುದು ಕಡಿಮೆಯಾಯಿತು. ಕೆಲವು ವರ್ಷಗಳ ಮೇಲೆ ಒಂದು ದಿನ ಧಾರವಾಡದ ಬಸ್ ನಿಲ್ದಾಣದಲ್ಲಿ ಯಾರೋ "ಮಾಸ್ತರ" ಎಂದು ಕರೆದರು. ತಿರುಗಿ ನೋಡಿದರೆ ಮಿಸ್ತ್ರಿಯ ಮಗಳು. ದವಾಖಾನೆಯಲ್ಲಿ ನರ್ಸ್ ತರಬೇತಿಗೆ ಬಂದಿದ್ದಳು. ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಯಿತು ಎಂದಳು.

ನನ್ನ ಬಾಯಿಂದ ಬಂದ ಮೊದಲ ಮಾತು, "ಹೆಂಗ?"

"ಹಾಸಿಗ್ಯಾಗ್ರಿ. ಮಧ್ಯಾಹ್ನ ಉಂಡು ಮಲಗಿದ್ದ. ಅವ್ವ ಚಹಾಕ್ಕ ಎಬ್ಬಸಾಕ ಹೋದ್ರ ಏಳಲಿಲ್ಲ."

ಎಷ್ಟೋ ವರ್ಷದಿಂದ ಹಿಡಿದಿಟ್ಟಿದ್ದ ಉಸಿರು ಆಗ ಹೊರಬಿತ್ತು. ಸಾವಿನ ಸುದ್ದಿ ಕೇಳಿ ಹಗುರಾದವನನ್ನು ಆ ಹುಡುಗಿ ವಿಚಿತ್ರವಾಗಿ ನೋಡಿದಳು. ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತು ಅವಳಿಗೆ ಎಲ್ಲವನ್ನೂ ಹೇಳಿದೆ.

"ಜಾಕ್ ಜಾರಿತ್ತು ಅಂತ ಅಷ್ಟ ಹೇಳಿದ್ದ ಅಪ್ಪ. ನಿಮ್ಮ ಹೆಸರು ತಗದಿರಲಿಲ್ರಿ."

ಅಪ್ಪನ ಮಣ್ಣಿಗೆ ಬಂದವರೆಲ್ಲ ನನ್ನ ಬಾಂಕಿನ ಮೇಲೆಯೇ ಕುಳಿತಿದ್ದರೆಂದು ಹೇಳಿದಳು. ಶೆಡ್ಡನ್ನು ಈಗ ಅವಳ ಸೋದರಮಾವ ನಡೆಸುತ್ತಾನಂತೆ.

"ಮತ್ತ ಆ ದಿಮ್ಮಿ?" ಎಂದು ಕೇಳಿದೆ.

"ಅದೆಲ್ಲಿ ಹೋಗತೈತ್ರಿ," ಎಂದಳು. "ಗಾಡಿ ಕೆಳಗ ಐತಿ."