ಮಂಡಕ್ಕಿಯಲ್ಲಿ ಸಿಕ್ಕ ಗುಲಾಬಿ ಉಗುರು

ಗೆಳೆಯರೇ, ಅಂಟಿಸುವ ಉಗುರು ಮಾರುವ ನನ್ನ ಮರ್ಯಾದೆ ಇವತ್ತು ಮಂಡಕ್ಕಿ ಪಾಲಾಗುವುದರಲ್ಲಿತ್ತು.

ಅಕ್ಕನ ಮಗಳು ಸವಿತಾಳನ್ನು ನೋಡಲು ಹಡಗಲಿಯಿಂದ ಗಂಡಿನವರು ಹರಪನಹಳ್ಳಿಗೆ ಬಂದಿದ್ದರು. ನನ್ನ ಫ್ಯಾನ್ಸಿ ಸ್ಟೋರಿನ ಗುಲಾಬಿ ಉಗುರನ್ನು ಅವಳಿಗೆ ಕೊಡುವಾಗಲೇ ಹೇಳಿದ್ದೆ: "ಸೋಪಿನಾಗ ಕೈ ತೊಳ್ಕೊಂಡು, ಚಂದಗ ಒರಸ್ಕೊಂಡು ಹಚ್ಕೋವಾ. ಎಣ್ಣಿ ಕೈಗೆ ನಿಲ್ಲಂಗಿಲ್ಲ." ಅವಳು ಮಿರ್ಚಿ ಕರಿದು, ಕೈಯನ್ನು ಸೆರಗಿಗೆ ಒರೆಸಿ, ಉಗುರು ಅಂಟಿಸಿಕೊಂಡು ಮಂಡಕ್ಕಿ ಕಲಸಿದ್ದಾಳೆ!

ಗಂಡಿನ ಸೋದರಮಾವ ಮಂಡಕ್ಕಿ ಬಾಯಿಗೆ ಹಾಕಿ ಕಟಕ್ಕನೆ ಕಡಿದು, ಬಾಯಿಂದ ಒಂದು ಉಗುರು ತೆಗೆದರು.

"ಬದಾಮಿ ಇರಬೇಕ್ರಿ" ಎಂದಳು ಅಕ್ಕ.

"ಬದಾಮಿಗೆ ಬಣ್ಣ ಯಾರು ಹಚ್ಯಾರ, ತಂಗಿ?" ಎಂದರು ಅವರು.

"ಅದು ನಂದ ರೀ" ಎಂದು ಸವಿತಾ ಬೋಳು ಬೆರಳು ತೋರಿಸಿದಳು. ಸಂಬಂಧ ಮುರಿಯಿತು ಎಂದುಕೊಂಡೆ. ಅಕ್ಕ ಸಿಟ್ಟಿನಲ್ಲಿ ಉಳಿದ ಉಗುರುಗಳನ್ನು ಕೀಳಲು ಹೋದಳು.

"ಜಗ್ಗಬ್ಯಾಡಕ್ಕಾ, ಸ್ವಂತ ಉಗುರೂ ಕಿತ್ಕೊಂಡು ಬರ್ತೈತಿ! ಉಗುರುಬೆಚ್ಚಗಿನ ನೀರಾಗ ನೆನಸು" ಎಂದು ಕೂಗಿದೆ.

ಗಂಡಿನ ತಾಯಿ ನಕ್ಕುಬಿಟ್ಟರು. "ಸುಳ್ಳು ಹೇಳದ ಹುಡುಗಿ, ನಮಗ ಒಪ್ಪಿಗಿ ಐತ್ರಿ. ಮಂಡಕ್ಕಿ ಮಾತ್ರ ಚಮಚದಾಗ ಕಲಸ್ಲಿ."

ನಾಳೆಯಿಂದ ನನ್ನ ಅಂಗಡಿಯಲ್ಲಿ ಉಗುರಿನ ಸೆಟ್ಟಿಗೆ ಒಂದು ಚಮಚ ಉಚಿತ. ಚಮಚದ ಬೆಲೆಯನ್ನು ಉಗುರಿನ ಬೆಲೆಗೆ ಈಗಾಗಲೇ ಸೇರಿಸಿದ್ದೇನೆ.